ಅಕೇಡಿಯಾ ಪ್ರವಾಸ: ಕಡಲಿನ ವೇಳಾಪಟ್ಟಿ ಅರಿತವರಿಗೆ ಹಾದಿ ಸುಗಮ

ಅಮೆರಿಕದ ಪೂರ್ವ ಭಾಗದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ತೆರಳುವ ಕನ್ನಡಿಗ ತಂದೆ-ತಾಯಿಯರ ಪ್ರವಾಸ ಪಟ್ಟಿಯಲ್ಲಿ ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್ ಹೆಸರುಗಳು ತಪ್ಪದೇ ಇರುತ್ತವೆ. ಬಾಸ್ಟನ್ ನಗರದಿಂದ ಐದು ತಾಸಿನ ರಸ್ತೆ ಪಯಣದಷ್ಟು ದೂರದಲ್ಲಿರುವ ಅಕೇಡಿಯಾ ರಾಷ್ಟ್ರೀಯ ಉದ್ಯಾನವೂ ಆ ಪಟ್ಟಿಗೆ ಸೇರಲು ಅರ್ಹವಾದ ತಾಣ. ಸಮುದ್ರದಿಂದ ನೇರವಾಗಿ ಮೇಲೆದ್ದ ಗುಲಾಬಿ ಛಾಯೆಯ ಬೆಟ್ಟಗಳು, ಬಂಡೆಗೆ ಅಪ್ಪಳಿಸುವ ಅಲೆಗಳು, ನಡುವೆ ತಿಳಿನೀರಿನ ಸರೋವರಗಳು ಒಂದೇ ದ್ವೀಪದಲ್ಲಿ ನೋಡಸಿಗುವುದು ಅಪರೂಪ.

ಆದರೆ ನಯಾಗರಕ್ಕೆ ಹೋದಂತೆ ಅಕೇಡಿಯಾಕ್ಕೆ ಹೋಗಲಾಗದು. ಇಲ್ಲಿ ಯಾವ ತಾಣವನ್ನು ಯಾವ ಗಂಟೆಗೆ ನೋಡಬೇಕೆಂಬುದನ್ನು ನಿರ್ಧರಿಸುವುದು ಪ್ರವಾಸಿಗನ ಇಚ್ಛೆಯಲ್ಲ. ಸಮುದ್ರದ ಉಬ್ಬರ-ಇಳಿತ, ಮಂಜು ಹಾಗೂ ಮುಂಗಡ ಕಾಯ್ದಿರಿಸುವಿಕೆಯ ನಿಯಮಗಳು. ಇವುಗಳನ್ನು ಅರಿಯದೆ ಹೋದವರು ಕೆಲವೊಮ್ಮೆ ನಿರಾಶರಾಗುತ್ತಾರೆ, ಕೆಲವೊಮ್ಮೆ ಅಪಾಯಕ್ಕೂ ಸಿಲುಕುತ್ತಾರೆ. ಅರಿತು ಹೋದವರಿಗೆ ಮೂರು ದಿನಗಳಲ್ಲಿ ಉದ್ಯಾನದ ಸಾರ ದಕ್ಕುತ್ತದೆ.

ದಾನದಿಂದ ಬೆಳೆದ ಉದ್ಯಾನ

ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದ ಕರಾವಳಿಗೆ ಅಂಟಿಕೊಂಡಂತೆ ಮೌಂಟ್ ಡೆಸರ್ಟ್ ಎಂಬ ದೊಡ್ಡ ದ್ವೀಪವಿದೆ. ಉದ್ಯಾನದ ಬಹುಭಾಗ ಇರುವುದು ಇಲ್ಲಿಯೇ. ಸೇತುವೆಯ ಮೂಲಕ ಮುಖ್ಯ ಭೂಭಾಗಕ್ಕೆ ಸಂಪರ್ಕವಿರುವುದರಿಂದ ಕಾರಿನಲ್ಲಿಯೇ ದ್ವೀಪ ತಲುಪಬಹುದು. ಸಾವಿರಾರು ವರ್ಷಗಳಿಂದ ಇದು ವಬನಾಕಿ ಮೂಲನಿವಾಸಿಗಳ ನೆಲ. 1604ರಲ್ಲಿ ಈ ಕಡಲಿನಲ್ಲಿ ಸಾಗಿದ ಫ್ರೆಂಚ್ ನಾವಿಕ ಸ್ಯಾಮ್ಯುಯೆಲ್ ಡಿ ಶಾಂಪ್ಲೇನ್, ಬೆಟ್ಟಗಳ ನೆತ್ತಿ ಬೋಳಾಗಿರುವುದನ್ನು ಕಂಡು 'ಬೋಳು ಬೆಟ್ಟಗಳ ದ್ವೀಪ' ಎಂಬರ್ಥದ ಫ್ರೆಂಚ್ ಹೆಸರಿಟ್ಟ. ಇಂದಿನ ಹೆಸರು ಅದರಿಂದಲೇ ಬಂದದ್ದು. ಮರುಭೂಮಿಗೂ ಇದಕ್ಕೂ ಸಂಬಂಧವಿಲ್ಲ.

19ನೇ ಶತಮಾನದ ಕೊನೆಯ ವೇಳೆಗೆ ಅಮೆರಿಕದ ಸಿರಿವಂತರು ಇಲ್ಲಿ ಬೇಸಿಗೆಯ ಬಂಗಲೆಗಳನ್ನು ಕಟ್ಟತೊಡಗಿದರು. ಬೆಟ್ಟಗಳೆಲ್ಲ ಖಾಸಗಿಯವರ ಪಾಲಾಗುವ ಮುನ್ನ ಅವನ್ನು ಸಾರ್ವಜನಿಕರಿಗಾಗಿ ಉಳಿಸಬೇಕೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಮತ್ತು ಜಾರ್ಜ್ ಡಾರ್ ಮುಂದಾದರು. ಭೂಮಿಯನ್ನು ದಾನವಾಗಿ ಪಡೆದು, ಕೆಲವೆಡೆ ಖರೀದಿಸಿ ಸರ್ಕಾರಕ್ಕೆ ಒಪ್ಪಿಸಿದರು. 1916ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾದ ಈ ನೆಲ 1919ರಲ್ಲಿ ಲಫಾಯೆಟ್ ರಾಷ್ಟ್ರೀಯ ಉದ್ಯಾನವಾಯಿತು. 1929ರಲ್ಲಿ ಅಕೇಡಿಯಾ ಎಂಬ ಹೆಸರು ಪಡೆಯಿತು. ಇಂದು ಅಸ್ತಿತ್ವದಲ್ಲಿರುವ ರಾಷ್ಟ್ರೀಯ ಉದ್ಯಾನಗಳ ಪೈಕಿ ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಮೊದಲು ಸ್ಥಾಪನೆಯಾದದ್ದು ಇದೇ.

ಈ ಇತಿಹಾಸ ತಿಳಿದರೆ ಉದ್ಯಾನದ ಸ್ವರೂಪವೂ ಅರ್ಥವಾಗುತ್ತದೆ. ತುಂಡು ತುಂಡಾಗಿ ದಾನ ಬಂದ ಜಮೀನಾದ್ದರಿಂದ ಅದರ ನಡುನಡುವೆ ಊರುಗಳು, ಮೀನುಗಾರರ ಬಂದರುಗಳು, ಖಾಸಗಿ ಮನೆಗಳು ಹಾಗೆಯೇ ಉಳಿದಿವೆ. ಎಲ್ಲರೂ ಹಾದುಹೋಗಬೇಕಾದ ಒಂದೇ ಹೆಬ್ಬಾಗಿಲು ಇಲ್ಲಿಲ್ಲ. ಪ್ರವೇಶ ಶುಲ್ಕವನ್ನು ಮೊದಲೇ ಪಾವತಿಸಿ ಚೀಟಿಯನ್ನು ಕಾರಿನಲ್ಲಿ ಕಾಣುವಂತೆ ಇಡುವುದು ಪ್ರವಾಸಿಗರ ಹೊಣೆ.

ತೈಲೋದ್ಯಮಿ ಕುಟುಂಬದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅವರ ಕೊಡುಗೆಯೂ ದೊಡ್ಡದು. ಮೋಟಾರು ವಾಹನಗಳ ಗದ್ದಲವಿಲ್ಲದ ಹಾದಿಗಳು ಬೇಕೆಂದು ಅವರು 1913ರಿಂದ 1940ರ ಅವಧಿಯಲ್ಲಿ ಕುದುರೆಗಾಡಿಗಳಿಗಾಗಿ ಜಲ್ಲಿಕಲ್ಲಿನ ರಸ್ತೆಗಳನ್ನು ಮಾಡಿಸಿದರು. ಇವುಗಳಲ್ಲಿ ಸುಮಾರು 45 ಮೈಲಿ ಈಗ ಉದ್ಯಾನದೊಳಗಿದೆ. ಕಲ್ಲಿನಿಂದ ಕಟ್ಟಿದ ಸುಂದರ ಸೇತುವೆಗಳಿರುವ ಈ ಹಾದಿಗಳಲ್ಲಿ ಇಂದಿಗೂ ಕಾರುಗಳಿಗೆ ಪ್ರವೇಶವಿಲ್ಲ. ಏರಿಳಿತ ಸೌಮ್ಯವಾಗಿರುವುದರಿಂದ ಬೆಟ್ಟ ಹತ್ತಲಾಗದ ಹಿರಿಯರು ನಡೆಯಲು ಅಥವಾ ಯುವಕರು ಸೈಕಲ್ ತುಳಿಯಲು ಇವು ಹೇಳಿ ಮಾಡಿಸಿದಂತಿವೆ.

ದಿನಕ್ಕೆ ಎರಡು ಬಾರಿ ಮುಳುಗುವ ದಾರಿ

ಅಕೇಡಿಯಾದ ಯೋಜನೆ ಆರಂಭವಾಗಬೇಕಾದದ್ದು ಉಬ್ಬರ-ಇಳಿತದ ಪಟ್ಟಿಯಿಂದ. ಕರ್ನಾಟಕದ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿಯೂ ಸುಮಾರು ಒಂದೂವರೆ ಮೀಟರ್ ಆಸುಪಾಸಿನಲ್ಲಿರುತ್ತದೆ. ಮೌಂಟ್ ಡೆಸರ್ಟ್ ದ್ವೀಪದಲ್ಲಿ ಇದು ಸಾಮಾನ್ಯ ದಿನಗಳಲ್ಲಿಯೇ ಮೂರು ಮೀಟರ್ ದಾಟುತ್ತದೆ. ಅಂದರೆ ಬೆಳಿಗ್ಗೆ ಒಣಗಿ ನಿಂತಿದ್ದ ಬಂಡೆಯ ಮೇಲೆ ಆರು ತಾಸಿನ ಬಳಿಕ ಎರಡಾಳು ಎತ್ತರಕ್ಕೆ ಸಮೀಪಿಸುವಷ್ಟು ನೀರು ನಿಂತಿರುತ್ತದೆ.

ಇದಕ್ಕೆ ಕಾರಣ ಮೇನ್ ಕೊಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ಫಂಡಿ ಕೊಲ್ಲಿಯ ಆಕಾರ. ಈ ಜಲರಾಶಿ ಒಮ್ಮೆ ತೂಗಿ ಮರಳಲು ತೆಗೆದುಕೊಳ್ಳುವ ಸಮಯವೂ ಸಾಗರದ ಉಬ್ಬರದ ಆವರ್ತವೂ ಹೆಚ್ಚು ಕಡಿಮೆ ಒಂದೇ ಆಗಿವೆ. ಉಯ್ಯಾಲೆ ಹಿಂದಕ್ಕೆ ಬಂದ ಕ್ಷಣಕ್ಕೇ ಪ್ರತಿ ಬಾರಿಯೂ ತಳ್ಳಿದರೆ ಅದು ಹೆಚ್ಚು ಎತ್ತರಕ್ಕೆ ಜೀಕುವಂತೆ, ಇಲ್ಲಿನ ನೀರೂ ಅಸಾಧಾರಣ ಎತ್ತರಕ್ಕೆ ಏರುತ್ತದೆ. ಕೆನಡಾಕ್ಕೆ ಸೇರಿದ ಫಂಡಿ ಕೊಲ್ಲಿಯ ತುದಿಯಲ್ಲಿ ಈ ಅಂತರ 16 ಮೀಟರ್ ತನಕ ಹೋಗುವುದುಂಟು.

ಬಾರ್ ಹಾರ್ಬರ್ ಪಟ್ಟಣದ ಎದುರಿಗಿರುವ ಬಾರ್ ದ್ವೀಪ ಇದರ ಪ್ರತ್ಯಕ್ಷ ಪಾಠ. ಇಳಿತದ ಹೊತ್ತಿನಲ್ಲಿ ಸಮುದ್ರದ ನಡುವೆ ಜಲ್ಲಿಕಲ್ಲಿನ ದಿಬ್ಬ ತೆರೆದುಕೊಂಡು, ಪಟ್ಟಣದಿಂದ ದ್ವೀಪಕ್ಕೆ ನಡೆದು ಹೋಗಬಹುದು. ಗರಿಷ್ಠ ಇಳಿತಕ್ಕೆ ಒಂದೂವರೆ ತಾಸು ಮೊದಲು ಮತ್ತು ಒಂದೂವರೆ ತಾಸು ನಂತರ, ಒಟ್ಟು ಸುಮಾರು ಮೂರು ತಾಸು ಮಾತ್ರ ಈ ದಾರಿ ಸುರಕ್ಷಿತ. ಆಮೇಲೆ ಅದು ನೀರಿನಡಿ ಮರೆಯಾಗುತ್ತದೆ. ಹೊತ್ತು ಮರೆತು ಆಚೆ ಉಳಿದವರು ಮುಂದಿನ ಇಳಿತದವರೆಗೆ ಕಾಯಬೇಕು, ಇಲ್ಲವೇ ಹಣ ತೆತ್ತು ದೋಣಿ ಕರೆಸಬೇಕು. ದಿಬ್ಬದ ಮೇಲೆ ನಿಲ್ಲಿಸಿಹೋದ ಕಾರುಗಳು ನೀರುಪಾಲಾದ ನಿದರ್ಶನಗಳೂ ಇವೆ.

ಇಳಿತದ ಸಮಯ ನಿತ್ಯವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಬೆಳಿಗ್ಗೆ 10 ಗಂಟೆಗಿದ್ದ ಇಳಿತ ನಾಳೆ 11ರ ಸಮೀಪಕ್ಕೆ ಬರುತ್ತದೆ. ಆದ್ದರಿಂದ ಹಿಂದಿನ ವಾರ ಹೋಗಿ ಬಂದ ಪರಿಚಿತರು ತಿಳಿಸಿದ ವೇಳೆಯನ್ನು ನೆಚ್ಚುವಂತಿಲ್ಲ. ತಾವು ಹೋಗುವ ದಿನದ ಪಟ್ಟಿಯನ್ನೇ ನೋಡಿ, ಅದಕ್ಕೆ ತಕ್ಕಂತೆ ಉಳಿದ ತಾಣಗಳನ್ನು ಹೊಂದಿಸಿಕೊಳ್ಳುವುದು ಜಾಣತನ.

ಅಲೆಯ ಆಕರ್ಷಣೆ, ಅಲೆಯ ಅಪಾಯ

ಉದ್ಯಾನದ ಪೂರ್ವ ತೀರದಲ್ಲಿರುವ ಥಂಡರ್ ಹೋಲ್ ಎಂಬ ಬಂಡೆಯ ಸೀಳು ಪ್ರವಾಸಿಗರನ್ನು ಸೆಳೆಯುವ ಮುಖ್ಯ ತಾಣಗಳಲ್ಲೊಂದು. ಅಲೆಯು ಸೀಳಿನೊಳಗೆ ನುಗ್ಗಿ, ಒಳಗಿನ ಗವಿಯಲ್ಲಿ ಸಿಲುಕಿದ ಗಾಳಿಯನ್ನು ಒತ್ತಿದಾಗ ಗುಡುಗಿನಂಥ ಸದ್ದು ಹೊರಡುತ್ತದೆ. ಸಮುದ್ರ ಶಾಂತವಾಗಿರುವಾಗ ಅಥವಾ ಪೂರ್ಣ ಇಳಿತದಲ್ಲಿ ಹೋದವರಿಗೆ ಬರೀ ಗುಳುಗುಳು ಶಬ್ದ ಕೇಳಿಸಿ ನಿರಾಶೆಯಾಗುವುದು ಸಾಮಾನ್ಯ. ಉಬ್ಬರ ಏರುತ್ತಿರುವಾಗ, ಅದು ಪೂರ್ಣಗೊಳ್ಳುವುದಕ್ಕೆ ಒಂದೆರಡು ತಾಸು ಮೊದಲು ಹೋಗುವುದು ಒಳಿತು.

ಆದರೆ ಇದೇ ತೀರ ಜೀವಹಾನಿಗೂ ಸಾಕ್ಷಿಯಾಗಿದೆ. 2009ರ ಆಗಸ್ಟ್‌ನಲ್ಲಿ 'ಬಿಲ್' ಹೆಸರಿನ ಚಂಡಮಾರುತ ದೂರದ ಕಡಲಿನಲ್ಲಿ ಹಾದುಹೋಗುತ್ತಿದ್ದಾಗ, ಅದು ಎಬ್ಬಿಸಿದ ದೈತ್ಯ ಅಲೆಗಳನ್ನು ನೋಡಲು ಥಂಡರ್ ಹೋಲ್ ಬಳಿ ಜನ ಸೇರಿದ್ದರು. ಒಂದು ಅಲೆ ಬಂಡೆಯ ಮೇಲಿದ್ದ ಹಲವರನ್ನು ಉರುಳಿಸಿ, ಕೆಲವರನ್ನು ಸಮುದ್ರಕ್ಕೆ ಎಳೆದೊಯ್ದಿತು. ಏಳು ವರ್ಷದ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ಚಂಡಮಾರುತ ನೆಲಕ್ಕೆ ಅಪ್ಪಳಿಸದೆ ದೂರದಲ್ಲಿ ಸಾಗಿದರೂ ಅದರ ಅಲೆಗಳು ನೂರಾರು ಮೈಲಿ ಪಯಣಿಸಿ ದಡ ಸೇರುತ್ತವೆ ಎಂಬುದನ್ನು ಈ ದುರಂತ ನೆನಪಿಸುತ್ತದೆ.

ಇಲ್ಲಿ ಬಂಡೆಯೇ ಎಚ್ಚರಿಕೆ ನೀಡುತ್ತದೆ. ಗುಲಾಬಿ ಬಣ್ಣದ ಗ್ರಾನೈಟ್ ಕೆಳಗಿಳಿದಂತೆ ಒಂದು ಮಟ್ಟದಲ್ಲಿ ಕಪ್ಪು ಪಟ್ಟಿಯಾಗಿ ಮಾರ್ಪಡುತ್ತದೆ. ಅದು ಬರೀ ಒದ್ದೆಯ ಗುರುತಲ್ಲ; ಅಲೆಯ ನೀರು ತಲುಪುವೆಡೆ ಬೆಳೆಯುವ ಸೂಕ್ಷ್ಮಜೀವಿಗಳ ಪದರ. ನೀರು ತಾಗಿದರೆ ಪಾಚಿಗಟ್ಟಿದ ಬಾವಿಕಟ್ಟೆಗಿಂತಲೂ ಹೆಚ್ಚು ಜಾರುತ್ತದೆ. ಕಪ್ಪು ಪಟ್ಟಿಯಿಂದ ಸಾಕಷ್ಟು ಮೇಲೆಯೇ ನಿಲ್ಲುವುದು, ಛಾಯಾಚಿತ್ರಕ್ಕಾಗಿ ಸಮುದ್ರಕ್ಕೆ ಬೆನ್ನು ತೋರಿಸಿ ನಿಲ್ಲದಿರುವುದು ಪಾಲಿಸಲೇಬೇಕಾದ ಎರಡು ನಿಯಮಗಳು.

ಸಮೀಪದಲ್ಲಿಯೇ ಸ್ಯಾಂಡ್ ಬೀಚ್ ಇದೆ. ಬಂಡೆಗಳ ಈ ಕರಾವಳಿಯಲ್ಲಿ ಮರಳಿನ ತೀರ ಅಪರೂಪ. ಇಲ್ಲಿನ ಮರಳಿನ ಬಹುಪಾಲು ಅಲೆಗಳು ಪುಡಿಗಟ್ಟಿದ ಚಿಪ್ಪಿನ ಚೂರುಗಳು. ಮಲ್ಪೆ, ಮುರ್ಡೇಶ್ವರಗಳ ಬೆಚ್ಚನೆಯ ನೀರಿಗೆ ಒಗ್ಗಿದವರು ಇಲ್ಲಿ ಥಟ್ಟನೆ ಇಳಿಯಬಾರದು. ಕಡು ಬೇಸಿಗೆಯಲ್ಲಿಯೂ ನೀರಿನ ಉಷ್ಣಾಂಶ 13 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪ.

ಯಾವ ತಿಂಗಳು ಸೂಕ್ತ?

ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯಭಾಗದವರೆಗೆ ಹಿಮದ ಕಾರಣ 27 ಮೈಲಿ ಉದ್ದದ ಪಾರ್ಕ್ ಲೂಪ್ ರಸ್ತೆಯ ಬಹುಭಾಗ ಮುಚ್ಚಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಹಗಲು ದೀರ್ಘ. ಆದರೆ ನೆಲದ ಕಡೆಯ ಬೆಚ್ಚನೆಯ ತೇವಗಾಳಿ ತಣ್ಣನೆಯ ಸಮುದ್ರದ ಮೇಲೆ ಹಾಯುವುದರಿಂದ ದಟ್ಟ ಮಂಜು ಕವಿಯುತ್ತದೆ. ಬೆಟ್ಟದ ಮೇಲೆ ನಿಂತರೂ ಎದುರಿನ ಕಡಲು ಕಾಣದಂತಹ ದಿನಗಳುಂಟು. ಜುಲೈ, ಆಗಸ್ಟ್‌ಗಳಲ್ಲಿ ಜನಸಂದಣಿಯೂ ಅಧಿಕ. ವರ್ಷಕ್ಕೆ ಸುಮಾರು 40 ಲಕ್ಷ ಭೇಟಿಗಳು ದಾಖಲಾಗುವ ಈ ಉದ್ಯಾನದ ವಿಸ್ತಾರ 50 ಸಾವಿರ ಎಕರೆಗೂ ಕಡಿಮೆ ಎಂಬುದನ್ನು ಗಮನಿಸಿದರೆ ಒತ್ತಡದ ಅರಿವಾಗುತ್ತದೆ.

ಸೆಪ್ಟೆಂಬರ್ ತಿಂಗಳಲ್ಲಿ ಆಕಾಶ ಹೆಚ್ಚು ತಿಳಿಯಾಗಿರುತ್ತದೆ. ಅಕ್ಟೋಬರ್ ಮಧ್ಯಭಾಗದಲ್ಲಿ ಎಲೆಗಳು ಕೆಂಪು, ಹಳದಿಗೆ ತಿರುಗುತ್ತವೆ. ಈ ವರ್ಣವೈಭವದ ಹಿಂದೆ ಒಂದು ಅನಾಹುತದ ಕಥೆಯಿದೆ. 1947ರ ಅಕ್ಟೋಬರ್‌ನಲ್ಲಿ ಹೊತ್ತಿದ ಕಾಡ್ಗಿಚ್ಚು ದ್ವೀಪದ 17 ಸಾವಿರ ಎಕರೆಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು. ಉದ್ಯಾನದ 10 ಸಾವಿರ ಎಕರೆ ಕಾಡು ಮತ್ತು ಸಿರಿವಂತರ ಹಲವಾರು ಬಂಗಲೆಗಳು ಅದಕ್ಕೆ ಆಹುತಿಯಾದವು. ನಿತ್ಯಹಸಿರಿನ ಸ್ಪ್ರೂಸ್, ಫರ್ ಮರಗಳು ಸುಟ್ಟ ಜಾಗದಲ್ಲಿ ಬಿಸಿಲು ಬಯಸುವ ಬರ್ಚ್, ಆಸ್ಪೆನ್ ಮರಗಳು ಬೆಳೆದವು. ಇಂದು ಶರತ್ಕಾಲದಲ್ಲಿ ಹೊಳೆಯುವ ಎಲೆಗಳಲ್ಲಿ ಅನೇಕವು ಆ ಬೆಂಕಿಯ ನಂತರ ಹುಟ್ಟಿದ ಕಾಡಿನವು.

ಸೂರ್ಯೋದಯಕ್ಕೂ ಮುಂಗಡ ಟಿಕೆಟ್

ಕ್ಯಾಡಿಲಾಕ್ ಬೆಟ್ಟ ಅಕೇಡಿಯಾದ ಕಿರೀಟ. ಸುಮಾರು 1,530 ಅಡಿ ಎತ್ತರದ ಈ ಬೆಟ್ಟ ಮುಳ್ಳಯ್ಯನಗಿರಿಯ ನಾಲ್ಕನೇ ಒಂದು ಭಾಗದಷ್ಟೂ ಇಲ್ಲ. ಆದರೆ ಸಮುದ್ರದ ಅಂಚಿನಲ್ಲಿಯೇ ನಿಂತಿರುವುದರಿಂದ ಅದರ ನೋಟ ವಿಶಾಲ. ಅಕ್ಟೋಬರ್ ಆರಂಭದಿಂದ ಮಾರ್ಚ್ ಆರಂಭದವರೆಗೆ, ಅಮೆರಿಕದ ಮುಖ್ಯ ಭೂಭಾಗದ ಪಕ್ಕದ ಈ ಶಿಖರಕ್ಕೆ ದೇಶದ ಮೊದಲ ಸೂರ್ಯಕಿರಣ ತಾಗುತ್ತದೆ ಎಂಬ ಪ್ರಸಿದ್ಧಿಯಿದೆ.

ಈ ಪ್ರಸಿದ್ಧಿಯೇ ಸಮಸ್ಯೆಯಾಯಿತು. ನಸುಕಿನಲ್ಲಿಯೇ ಕಾರುಗಳ ಸಾಲು ಬೆಳೆದು ರಸ್ತೆ ಮುಚ್ಚಬೇಕಾಗುತ್ತಿತ್ತು. ಆದ್ದರಿಂದ 2021ರಿಂದ ಮೇ ಕೊನೆಯ ಭಾಗದಿಂದ ಅಕ್ಟೋಬರ್ ಕೊನೆಯ ಭಾಗದವರೆಗೆ ಶಿಖರಕ್ಕೆ ಕಾರಿನಲ್ಲಿ ಹೋಗಲು ಮುಂಗಡ ಕಾಯ್ದಿರಿಸುವಿಕೆ ಕಡ್ಡಾಯವಾಗಿದೆ. ಅಮೆರಿಕ ಸರ್ಕಾರದ ಅಧಿಕೃತ ಕಾಯ್ದಿರಿಸುವ ಜಾಲತಾಣವಾದ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಮಾತ್ರ ಈ ಟಿಕೆಟ್ ದೊರೆಯುತ್ತದೆ. ಉದ್ಯಾನದ ಬಾಗಿಲಲ್ಲಿ ಮಾರಾಟವಿಲ್ಲ. ಶುಲ್ಕ ಕಾರಿಗೆ 6 ಡಾಲರ್. ಟಿಕೆಟ್‌ಗಳ ಶೇ 30ರಷ್ಟನ್ನು 90 ದಿನ ಮೊದಲು, ಉಳಿದ ಶೇ 70ರಷ್ಟನ್ನು ಎರಡು ದಿನ ಮೊದಲು ಬೆಳಿಗ್ಗೆ 10 ಗಂಟೆಗೆ ಬಿಡುಗಡೆ ಮಾಡುವ ಪದ್ಧತಿಯಿದೆ. ಸೂರ್ಯೋದಯದ ಟಿಕೆಟ್‌ಗಳು ಬೇಗನೆ ಮುಗಿಯುತ್ತವೆ. ಎರಡು ದಿನ ಮೊದಲು ಹವಾಮಾನ ಮುನ್ಸೂಚನೆ ನೋಡಿಕೊಂಡು ಕಾಯ್ದಿರಿಸಿದರೆ ಮಂಜಿನ ಪಾಲಾಗುವ ಸಾಧ್ಯತೆ ಕಡಿಮೆ. ನಡೆದು ಅಥವಾ ಸೈಕಲ್‌ನಲ್ಲಿ ಹತ್ತುವವರಿಗೆ ಈ ಟಿಕೆಟ್ ಬೇಕಿಲ್ಲ.

ಜೂನ್‌ನಲ್ಲಿ ಇಲ್ಲಿ ಸೂರ್ಯ 5 ಗಂಟೆಗೂ ಮೊದಲೇ ಮೂಡುತ್ತಾನೆ. ಬೇಸಿಗೆಯಾದರೂ ಶಿಖರದ ಗಾಳಿ ಕೊರೆಯುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಅಗತ್ಯ. ದ್ವೀಪದ ಹಲವೆಡೆ ಮೊಬೈಲ್ ಸಂಪರ್ಕ ದುರ್ಬಲವಾಗಿರುವುದರಿಂದ ಟಿಕೆಟನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಬೇಕು, ಇಲ್ಲವೇ ಮುದ್ರಿಸಿ ಇಟ್ಟುಕೊಳ್ಳಬೇಕು.

ವಿದೇಶಿಯರಿಗೆ ಹೊಸ ಶುಲ್ಕ

ಶಿಖರದ ಟಿಕೆಟ್ ಅಲ್ಲದೆ ಉದ್ಯಾನದ ಪ್ರವೇಶ ಶುಲ್ಕ ಪ್ರತ್ಯೇಕ. ಒಂದು ಕಾರಿಗೆ 35 ಡಾಲರ್. ಏಳು ದಿನ ಅದು ಊರ್ಜಿತ. ಭಾರತದಿಂದ ಹೋಗುವವರು ಗಮನಿಸಬೇಕಾದ ಮತ್ತೊಂದು ಅಂಶವಿದೆ. 2026ರ ಜನವರಿ 1ರಿಂದ ಅಮೆರಿಕದ 11 ಪ್ರಮುಖ ರಾಷ್ಟ್ರೀಯ ಉದ್ಯಾನಗಳಲ್ಲಿ ಆ ದೇಶದ ನಿವಾಸಿಗಳಲ್ಲದ, 16 ವರ್ಷ ಮತ್ತು ಮೇಲ್ಪಟ್ಟ ಪ್ರತಿಯೊಬ್ಬರಿಗೂ ಪ್ರವೇಶ ಶುಲ್ಕದ ಜೊತೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ವಿಧಿಸಲಾಗಿದೆ. ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೊಸ್ಟೋನ್‌ಗಳ ಜೊತೆ ಅಕೇಡಿಯಾವೂ ಆ ಪಟ್ಟಿಯಲ್ಲಿದೆ.

ಪ್ರವಾಸಿ ವೀಸಾದಲ್ಲಿ ಹೋಗಿರುವ ತಂದೆ-ತಾಯಿ ಇಬ್ಬರಿಗೆ ಇದರಿಂದ 200 ಡಾಲರ್ ಹೊರೆ ಬೀಳುತ್ತದೆ. ನಿವಾಸಿಗಳಲ್ಲದವರಿಗೆ 250 ಡಾಲರ್‌ನ ವಾರ್ಷಿಕ ಪಾಸ್ ಕೂಡ ಇದೆ. ಅದೇ ಪ್ರವಾಸದಲ್ಲಿ ಪಶ್ಚಿಮದ ಉದ್ಯಾನಗಳನ್ನೂ ನೋಡುವ ಉದ್ದೇಶವಿದ್ದರೆ ಪಾಸ್ ಲಾಭದಾಯಕ. ಅಲ್ಲಿ ವಾಸವಿರುವ ಮಕ್ಕಳು ತಮ್ಮ ಸರ್ಕಾರಿ ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು. ಹೊರಡುವ ಮುನ್ನ ಉದ್ಯಾನದ ಅಧಿಕೃತ ತಾಣದಲ್ಲಿ ದರಗಳನ್ನು ಮತ್ತೊಮ್ಮೆ ಪರಿಶೀಲಿಸುವುದು ಕ್ಷೇಮ.

ವಸತಿ, ಸಂಚಾರ, ಊಟ

ದ್ವೀಪದಲ್ಲಿರುವ ಉದ್ಯಾನದ ಭಾಗದಲ್ಲಿ ಹೋಟೆಲ್‌ಗಳಿಲ್ಲ. ಬ್ಲ್ಯಾಕ್‌ವುಡ್ಸ್ ಮತ್ತು ಸೀವಾಲ್ ಎಂಬಲ್ಲಿ ಡೇರೆ ಹಾಕಿ ತಂಗುವ ಶಿಬಿರತಾಣಗಳಿವೆ. ಹೋಟೆಲ್ ಬಯಸುವವರು ಬಾರ್ ಹಾರ್ಬರ್‌ನಲ್ಲಿ ತಂಗುತ್ತಾರೆ. ಬೇಸಿಗೆಯಲ್ಲಿ ದರ ಏರುವುದರಿಂದ ಸೇತುವೆಯ ಈಚೆಗಿನ ಟ್ರೆಂಟನ್, ಎಲ್ಸ್‌ವರ್ತ್ ಊರುಗಳಲ್ಲಿ ಉಳಿಯುವವರೂ ಇದ್ದಾರೆ. ವಿಮಾನದಲ್ಲಿ ಬರುವವರಿಗೆ 50 ಮೈಲಿ ಆಸುಪಾಸಿನ ಬ್ಯಾಂಗರ್ ನಿಲ್ದಾಣ ಅನುಕೂಲ.

ಕಾರು ನಿಲ್ಲಿಸಲು ಜಾಗ ಸಿಗುವುದೇ ಇಲ್ಲಿನ ದೊಡ್ಡ ತೊಡಕು. ಇದಕ್ಕೆ ಪರಿಹಾರವಾಗಿ 1999ರಿಂದ ಐಲ್ಯಾಂಡ್ ಎಕ್ಸ್‌ಪ್ಲೋರರ್ ಎಂಬ ಉಚಿತ ಬಸ್ ಸೇವೆಯಿದೆ. ಜೂನ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಊರುಗಳನ್ನೂ ಉದ್ಯಾನದ ಮುಖ್ಯ ತಾಣಗಳನ್ನೂ ಇದು ಬೆಸೆಯುತ್ತದೆ. ಕ್ಯಾಡಿಲಾಕ್ ಶಿಖರಕ್ಕೆ ಮಾತ್ರ ಈ ಬಸ್ ಹೋಗುವುದಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಎಚ್ಚರ ವಹಿಸಬೇಕು. ಇದು ಲಾಬ್‌ಸ್ಟರ್ ಸೀಗಡಿಯ ನಾಡು. ಜೋರ್ಡನ್ ಪಾಂಡ್ ಬಳಿಯ ಉಪಾಹಾರಗೃಹದಲ್ಲಿ ಹುಲ್ಲುಹಾಸಿನ ಮೇಲೆ ಕುಳಿತು ಚಹಾದೊಡನೆ ಪಾಪೋವರ್ ಸವಿಯುವುದು 19ನೇ ಶತಮಾನದಿಂದ ಬಂದ ರೂಢಿ. ಪೂರಿಯಂತೆ ಉಬ್ಬಿದ ಈ ತಿನಿಸಿನ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ ಎಂಬುದನ್ನು ಮೊಟ್ಟೆ ತಿನ್ನದವರು ತಿಳಿದಿರಬೇಕು. ಆಗಸ್ಟ್‌ನಲ್ಲಿ ಮೇನ್‌ನ ಪ್ರಸಿದ್ಧ ಕಾಡು ಬ್ಲೂಬೆರಿ ಹಣ್ಣುಗಳು ಹೇರಳವಾಗಿ ಸಿಗುತ್ತವೆ. ಬುತ್ತಿ ಕಟ್ಟಿಕೊಂಡು ಹೋಗುವ ನಮ್ಮ ಪದ್ಧತಿ ಇಲ್ಲಿ ಬಹಳ ಉಪಯುಕ್ತ.

ಡೇಗೆಗೆ ದಾರಿ, ಉಣ್ಣೆಯಿಂದ ದೂರ

ನಡಿಗೆಗೆ ಎಲ್ಲ ಬಗೆಯ ಹಾದಿಗಳೂ ಇವೆ. ಸ್ಯಾಂಡ್ ಬೀಚ್‌ನಿಂದ ಆಟರ್ ಪಾಯಿಂಟ್‌ವರೆಗೆ ಕಡಲಂಚಿನಲ್ಲಿ ಸಾಗುವ ಸುಮಾರು ಎರಡು ಮೈಲಿಯ ಓಷನ್ ಪಾತ್ ಬಹುತೇಕ ಸಮತಟ್ಟು. ಜೋರ್ಡನ್ ಸರೋವರದ ಸುತ್ತಲಿನ ಹಾದಿ ಮೂರು ಮೈಲಿಗಿಂತ ತುಸು ಹೆಚ್ಚು. ಈ ಸರೋವರ ಕುಡಿಯುವ ನೀರಿನ ಮೂಲವಾದ್ದರಿಂದ ನೀರಿಗಿಳಿಯುವುದು ನಿಷಿದ್ಧ. ಬೀಹೈವ್, ಪ್ರೆಸಿಪಿಸ್ ಹಾದಿಗಳಲ್ಲಿ ಬಂಡೆಗೆ ಜಡಿದ ಕಬ್ಬಿಣದ ಮೆಟ್ಟಿಲುಗಳನ್ನು ಹಿಡಿದು ಹತ್ತಬೇಕು. ಎತ್ತರದ ಭಯ ಇರುವವರು, ಚಿಕ್ಕ ಮಕ್ಕಳೊಡನೆ ಬಂದವರು ಇವನ್ನು ಬಿಡುವುದೇ ಲೇಸು.

ಪ್ರೆಸಿಪಿಸ್ ಹಾದಿಯನ್ನು ವಸಂತದ ಆರಂಭದಿಂದ ಆಗಸ್ಟ್ ಮಧ್ಯದವರೆಗೆ ಸಾಮಾನ್ಯವಾಗಿ ಮುಚ್ಚಲಾಗುತ್ತದೆ. ಆ ಬಂಡೆಗಳಲ್ಲಿ ಪೆರೆಗ್ರಿನ್ ಡೇಗೆಗಳು ಮರಿ ಮಾಡುತ್ತವೆ. ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಪೂರ್ವ ಅಮೆರಿಕದಿಂದಲೇ ಕಣ್ಮರೆಯಾಗಿದ್ದ ಈ ಹಕ್ಕಿಯ ಮರಿಗಳನ್ನು 1984ರಿಂದ ಇಲ್ಲಿ ಬಿಡಲಾಯಿತು. 1991ರಲ್ಲಿ ಅವು ಮತ್ತೆ ಯಶಸ್ವಿಯಾಗಿ ಗೂಡು ಕಟ್ಟಿದವು.

ಮಲೆನಾಡಿನ ಜನ ಮಂಗನ ಕಾಯಿಲೆಯ ಕಾರಣದಿಂದ ಉಣ್ಣೆ (ಉಣುಗು) ಹುಳುವಿನ ಅಪಾಯವನ್ನು ಬಲ್ಲರು. ಅಕೇಡಿಯಾದಲ್ಲಿಯೂ ಅದೇ ಎಚ್ಚರ ಬೇಕು. ಅಲ್ಲಿನ ಉಣ್ಣೆಗಳು ಹರಡುವುದು ಲೈಮ್ ಎಂಬ ಬೇರೊಂದು ರೋಗವನ್ನು. ಹುಲ್ಲು, ಪೊದೆಗಳ ನಡುವೆ ನಡೆಯುವಾಗ ಉದ್ದನೆಯ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸುವುದು, ಸಂಜೆ ಮೈ ಪರೀಕ್ಷಿಸಿಕೊಳ್ಳುವುದು ಸರಳ ಮುನ್ನೆಚ್ಚರಿಕೆ.

ಮೂರು ದಿನಗಳ ಹಂಚಿಕೆ

ಮೊದಲ ದಿನ ಬಾರ್ ಹಾರ್ಬರ್ ತಲುಪಿ, ಇಳಿತದ ವೇಳೆ ಹಗಲಿನಲ್ಲಿದ್ದರೆ ಬಾರ್ ದ್ವೀಪದ ನಡಿಗೆ. ಎರಡನೆಯ ದಿನ ಕ್ಯಾಡಿಲಾಕ್ ಸೂರ್ಯೋದಯ, ಬಳಿಕ ಜೋರ್ಡನ್ ಸರೋವರ ಹಾಗೂ ಕುದುರೆಗಾಡಿ ಹಾದಿಗಳು. ಉಬ್ಬರ ಏರುವ ಹೊತ್ತಿಗೆ ಥಂಡರ್ ಹೋಲ್ ಮತ್ತು ಓಷನ್ ಪಾತ್. ಮೂರನೆಯ ದಿನ ಜನಸಂದಣಿಯಿಂದ ದೂರ ಸರಿದು ಸ್ಕೂಡಿಕ್ ಪರ್ಯಾಯ ದ್ವೀಪ. ಉದ್ಯಾನದಲ್ಲಿ ಮುಖ್ಯ ಭೂಭಾಗಕ್ಕೆ ಸೇರಿದ ಏಕೈಕ ಭಾಗವಾದ ಇಲ್ಲಿಗೆ ಕಾರಿನಲ್ಲಿ ಸುಮಾರು ಒಂದು ತಾಸಿನ ಹಾದಿ. ತೆರೆದ ಸಾಗರದ ಅಲೆಗಳು ನೇರವಾಗಿ ಬಂಡೆಗೆ ಅಪ್ಪಳಿಸುವ ನೋಟ ಇಲ್ಲಿ ಭವ್ಯ. ಮಂಜು ಕವಿದ ದಿನ ಬೆಟ್ಟವನ್ನು ಬಿಟ್ಟು ಕಾಡಿನ ಹಾದಿಗಳನ್ನು ಆಯ್ದುಕೊಳ್ಳುವಷ್ಟು ಸಡಿಲ ಯೋಜನೆಯಲ್ಲಿರಬೇಕು.

ಈ ಕರಾವಳಿಯೂ ಬದಲಾಗುತ್ತಿದೆ. 2024ರ ಜನವರಿಯಲ್ಲಿ ನಾಲ್ಕು ದಿನಗಳೊಳಗೆ ಬಂದ ಎರಡು ಬಿರುಗಾಳಿಗಳು ಅತಿ ಎತ್ತರದ ಉಬ್ಬರದೊಂದಿಗೆ ಸೇರಿ ಉದ್ಯಾನದ ಕಡಲಂಚಿನ ರಸ್ತೆ, ಹಾದಿಗಳಿಗೆ ಹಾನಿ ಮಾಡಿದವು. ಮೇನ್ ಕೊಲ್ಲಿಯ ನೀರು ಜಗತ್ತಿನ ಬಹುತೇಕ ಸಾಗರ ಭಾಗಗಳಿಗಿಂತ ವೇಗವಾಗಿ ಬಿಸಿಯಾಗಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹೀಗಾಗಿ ಹೊರಡುವ ಮುನ್ನ ಯಾವ ಹಾದಿ ತೆರೆದಿದೆ, ಸಮುದ್ರ ಹೇಗಿದೆ ಎಂಬುದನ್ನು ಆ ದಿನವೇ ವಿಚಾರಿಸುವುದು ಅನಿವಾರ್ಯ. ವಿಮಾನದ ಟಿಕೆಟ್, ಹೋಟೆಲ್ ಕೊಠಡಿಗಳ ಪಕ್ಕದಲ್ಲಿ ಉಬ್ಬರ-ಇಳಿತದ ಪಟ್ಟಿಯೂ ಒಂದಿದ್ದರೆ ಅಕೇಡಿಯಾ ಪ್ರವಾಸದ ಅರ್ಧ ಸಿದ್ಧತೆ ಮುಗಿದಂತೆ.